ಸಿಂಹಮೀನಿಗೆ ಹೆಸರು ಬರೆಯುವ ಮುನ್ನ: ಹವಳದ ಬಂಡೆಯ ಮೀನನ್ನು ಗುರುತಿಸಿ ವರ್ಗೀಕರಿಸುವ ಕ್ರಮ

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ತಂದು ತೋರಿಸುವ ಚಿತ್ರಗಳಲ್ಲಿ ಸಿಂಹಮೀನು ಆಗಾಗ ಇರುತ್ತದೆ. ಮೈತುಂಬ ಕೆಂಗಂದು ಪಟ್ಟೆ, ಬೀಸಣಿಗೆಯಂತೆ ಬಿಚ್ಚಿಕೊಂಡ ಎದೆಯ ಈಜುರೆಕ್ಕೆಗಳು, ಬೆನ್ನ ಮೇಲೆ ಗರಿಗಳಂತೆ ಎದ್ದು ನಿಂತ ಮುಳ್ಳುಗಳು. ಒಮ್ಮೆ ಕಂಡವರು ಮರೆಯುವ ಮೀನಲ್ಲ ಅದು. ಚಿತ್ರದ ಕೆಳಗೆ ಸಾಮಾನ್ಯವಾಗಿ ‘ಟೆರೊಯಿಸ್ ವೊಲಿಟಾನ್ಸ್’ ಎಂಬ ಹೆಸರಿರುತ್ತದೆ. ಹುಡುಕಿದಾಗ ಮೊದಲು ಸಿಗುವ ಹೆಸರು ಅದೇ ಆದ್ದರಿಂದ ಬರೆದವರನ್ನು ದೂರುವಂತಿಲ್ಲ. ಆದರೆ ಆ ಹೆಸರಿನ ಮೀನು ಮುಖ್ಯವಾಗಿ ಪಶ್ಚಿಮ ಪೆಸಿಫಿಕ್ ಸಾಗರದ್ದು. ಕೆಂಪು ಸಮುದ್ರದಿಂದ ಸುಮಾತ್ರದವರೆಗೆ ಹಿಂದೂ ಮಹಾಸಾಗರದಲ್ಲಿ ಹರಡಿರುವುದು ಅದರ ಸೋದರ ಪ್ರಭೇದವಾದ ‘ಟೆರೊಯಿಸ್ ಮಿಲೆಸ್’. ಮೀನುಗಳ ಅಧ್ಯಯನಕಾರ ಎರಿಕ್ ಶುಲ್ಟ್ಸ್ 1986ರಲ್ಲಿ ಇವೆರಡೂ ಬೇರೆ ಬೇರೆ ಪ್ರಭೇದಗಳೆಂದು ವಾದಿಸಿ ತೋರಿಸಿದ ಮೇಲೆ ಅರಬ್ಬೀ ಸಮುದ್ರದ ಸಿಂಹಮೀನಿಗೆ ಕಣ್ಣು ಮುಚ್ಚಿ ‘ವೊಲಿಟಾನ್ಸ್’ ಎಂದು ಬರೆಯುವುದು ಸರಿಯಾಗುವುದಿಲ್ಲ.

ವೈಜ್ಞಾನಿಕ ಹೆಸರು ಬರೆಯುವುದೆಂದರೆ, ‘ನಾನು ಕಂಡ ಈ ಮೀನು, ಇಂಥವರು ಇಂಥ ವರ್ಷದಲ್ಲಿ ವಿವರಿಸಿದ ಆ ಮೀನಿನ ಬಳಗದ್ದೇ’ ಎಂದು ಸಾಕ್ಷಿ ನುಡಿದಂತೆ. ಸಾಕ್ಷಿ ಹೇಳುವವರು ಏನನ್ನು ನೋಡಿ ಹೇಳಿದರೆಂಬುದು ಮುಖ್ಯ. ಆದ್ದರಿಂದ ಸಿಂಹಮೀನನ್ನೇ ಮುಂದಿಟ್ಟುಕೊಂಡು, ಹೆಸರನ್ನು ಓದುವುದು ಹೇಗೆ, ಕೈಯಲ್ಲಿರುವ ಮೀನನ್ನು ಹೆಸರಿನವರೆಗೆ ಕೊಂಡೊಯ್ಯುವುದು ಹೇಗೆ, ಅದನ್ನು ವರ್ಗೀಕರಣದಲ್ಲಿ ಎಲ್ಲಿ ಕೂರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪುಸ್ತಕಗಳಲ್ಲಿ ಜೀನಸ್ ಎಂಬುದಕ್ಕೆ ಕೆಲವೆಡೆ ಜಾತಿ, ಕೆಲವೆಡೆ ಕುಲ ಎಂಬ ಪದಗಳಿವೆ. ನಾನು ಕುಲ ಎಂದೇ ಬಳಸುತ್ತೇನೆ. ಸ್ಪೀಶೀಸ್ ಎಂಬುದಕ್ಕೆ ಪ್ರಭೇದ.

ಹೆಸರನ್ನು ಓದುವುದು

ಪೂರ್ತಿ ಬರೆದಾಗ ನಮ್ಮ ಮೀನಿನ ಹೆಸರು ಹೀಗಿರುತ್ತದೆ: ಟೆರೊಯಿಸ್ ಮಿಲೆಸ್ (ಬೆನೆಟ್, 1828). ಮೊದಲನೆಯದು ಕುಲದ ಹೆಸರು. ರೋಮನ್ ಲಿಪಿಯಲ್ಲಿ ಅದು ದೊಡ್ಡಕ್ಷರದಿಂದ ಆರಂಭವಾಗುತ್ತದೆ. ಎರಡನೆಯದು ಪ್ರಭೇದಸೂಚಕ; ವ್ಯಕ್ತಿಯ ಅಥವಾ ಊರಿನ ಹೆಸರಿನಿಂದ ಬಂದಿದ್ದರೂ ಅದು ಸಣ್ಣಕ್ಷರದಲ್ಲೇ ಇರಬೇಕು. ಇವೆರಡನ್ನೂ ಓರೆ ಅಕ್ಷರದಲ್ಲಿ ಅಚ್ಚು ಹಾಕುವುದು ರೂಢಿ. ಹೆಸರಿಟ್ಟವರ ಹೆಸರು ಮತ್ತು ವರ್ಷ ಮಾತ್ರ ನೇರ ಅಕ್ಷರದಲ್ಲಿರುತ್ತವೆ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ವೈಜ್ಞಾನಿಕ ಹೆಸರು ಲ್ಯಾಟಿನ್ ವರ್ಣಮಾಲೆಯ 26 ಅಕ್ಷರಗಳಲ್ಲೇ ಇರಬೇಕಾದ್ದರಿಂದ, ಕನ್ನಡ ಲೇಖನದ ಓಟದಲ್ಲಿ ನಾವು ಬರೆಯುವುದು ಉಚ್ಚಾರಣೆ ಮಾತ್ರ. ದಾಖಲೆ, ಚೀಟಿ, ಪಟ್ಟಿಗಳಲ್ಲಿ ರೋಮನ್ ಲಿಪಿಯ ರೂಪವನ್ನೇ ಬರೆಯಬೇಕು. ‘ಟೆರೊಯಿಸ್’ ಎಂಬುದರ ರೋಮನ್ ರೂಪಕ್ಕೆ ಮೊದಲಲ್ಲಿ ಪಿ ಅಕ್ಷರವಿದೆ, ಮಾತಿನಲ್ಲಿ ಅದು ಕೇಳಿಸುವುದಿಲ್ಲ. ಎರಡನೆಯ ಸಲ ಬರೆಯುವಾಗ ‘ಪಿ. ಮಿಲೆಸ್’ ಎಂದು ಚುಟುಕಾಗಿಸುವುದು ಅದೇ ಕಾರಣಕ್ಕೆ.

ಆವರಣ ಚಿಹ್ನೆಯ ಅರ್ಥವನ್ನು ಬಹಳ ಮಂದಿ ಗಮನಿಸುವುದಿಲ್ಲ. ಜೆ. ಡಬ್ಲ್ಯು. ಬೆನೆಟ್ 1828ರಲ್ಲಿ ಸಿಲೋನಿನ, ಅಂದರೆ ಇಂದಿನ ಶ್ರೀಲಂಕೆಯ ಮೀನುಗಳನ್ನು ವಿವರಿಸುತ್ತ ಈ ಮೀನನ್ನು ‘ಸ್ಕಾರ್ಪೀನ ಮಿಲೆಸ್’ ಎಂದು ಕರೆದರು. ಮುಂದೆ ಅದು ಟೆರೊಯಿಸ್ ಕುಲಕ್ಕೆ ಸೇರಿತು. ಮೂಲದಲ್ಲಿದ್ದ ಕುಲ ಬದಲಾಗಿದೆ ಎಂಬುದನ್ನು ಆವರಣ ಹೇಳುತ್ತದೆ. ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಟೆರೊಯಿಸ್ ರಸೆಲಿಐ ಬೆನೆಟ್, 1831. ಇಲ್ಲಿ ಆವರಣವಿಲ್ಲ, ಏಕೆಂದರೆ ವಿವರಿಸುವಾಗಲೇ ಅದನ್ನು ಟೆರೊಯಿಸ್ ಕುಲದಲ್ಲಿ ಇಟ್ಟಿದ್ದರು. ಈ ಎರಡನೆಯ ಬೆನೆಟ್ ಬೇರೆಯವರು, ಇ. ಟಿ. ಬೆನೆಟ್. ಒಂದೇ ಕುಲದ ಎರಡು ಮೀನು, ಮೂರು ವರ್ಷದ ಅಂತರ, ಒಂದೇ ಮನೆತನದ ಹೆಸರು. ಮೂಲ ವಿವರಣೆಯನ್ನು ಹುಡುಕಿ ಹೊರಟವರು ಇಲ್ಲಿ ದಾರಿ ತಪ್ಪುವುದು ಸುಲಭವಾದ್ದರಿಂದ ಮೊದಲಕ್ಷರಗಳನ್ನೂ ಗುರುತು ಮಾಡಿಕೊಳ್ಳಬೇಕು.

‘ರಸೆಲಿಐ’ ಎಂಬ ಹೆಸರು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಶಾಖಪಟ್ಟಣದಲ್ಲಿದ್ದು ಅಲ್ಲಿನ ಇನ್ನೂರು ಮೀನುಗಳ ಚಿತ್ರ ಬರೆಸಿ, ಅವುಗಳ ಸ್ಥಳೀಯ ಹೆಸರುಗಳನ್ನೇ ಬಳಸಿ 1803ರಲ್ಲಿ ಪ್ರಕಟಿಸಿದವರು ಅವರು. ನಮ್ಮ ಕೊಳಕುಮಂಡಲದ ವೈಜ್ಞಾನಿಕ ಹೆಸರಿನಲ್ಲಿರುವವರೂ ಅವರೇ. ಅವರ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಎರಡು ‘ಎಲ್’ ಬರುತ್ತವೆ, ಮೀನಿನ ಹೆಸರಿನಲ್ಲಿ ಒಂದೇ ಇದೆ. ಅದನ್ನು ತಿದ್ದಲು ನಮಗೆ ಅಧಿಕಾರವಿಲ್ಲ: ಮೂಲ ಪ್ರಕಟಣೆಯಲ್ಲಿದ್ದ ಕಾಗುಣಿತವೇ ಉಳಿಯಬೇಕು ಎಂಬುದು ಸಂಹಿತೆಯ ಸಾಮಾನ್ಯ ನಿಯಮ.

ಪ್ರಭೇದಸೂಚಕವು ವಿಶೇಷಣವಾಗಿದ್ದರೆ ಕುಲದ ಹೆಸರಿನ ಲಿಂಗಕ್ಕೆ ಹೊಂದಿಕೊಳ್ಳಬೇಕು. ಟೆರೊಯಿಸ್ ಸ್ತ್ರೀಲಿಂಗ. ಆದ್ದರಿಂದಲೇ ಈ ಕುಲದಲ್ಲಿ ‘ರೇಡಿಯಾಟ’, ‘ಆಂಟೆನಾಟ’ ಎಂಬ ರೂಪಗಳಿವೆ; ಪುಲ್ಲಿಂಗದ ಕುಲಕ್ಕೆ ಹೋದರೆ ಅವು ‘ರೇಡಿಯಾಟಸ್’, ‘ಆಂಟೆನಾಟಸ್’ ಆಗುತ್ತವೆ. ‘ಮಿಲೆಸ್’ ಎಂದರೆ ಸೈನಿಕ, ಅದು ನಾಮಪದ. ಎಲ್ಲಿ ಹೋದರೂ ಬದಲಾಗದು. ‘ವೊಲಿಟಾನ್ಸ್’ ಎಂದರೆ ಹಾರಾಡುವುದು. ಲ್ಯಾಟಿನ್ನಿನಲ್ಲಿ ಆ ರೂಪ ಸ್ತ್ರೀಲಿಂಗಕ್ಕೂ ಪುಲ್ಲಿಂಗಕ್ಕೂ ಒಂದೇ.

ಯಾವ ಹೆಸರು ನಿಲ್ಲುತ್ತದೆ

ಪ್ರಾಣಿಗಳ ಹೆಸರುಗಳ ಲೆಕ್ಕ ಶುರುವಾಗುವುದು 1758ರ ಜನವರಿ 1ರಿಂದ. ಎರಡು ಪದದ ಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಅವರ ‘ಸಿಸ್ಟೆಮಾ ನ್ಯಾಚುರೆ’ಯ ಹತ್ತನೆಯ ಆವೃತ್ತಿ ಅಂದೇ ಪ್ರಕಟವಾಯಿತೆಂದು ಸಂಹಿತೆ ಭಾವಿಸುತ್ತದೆ. ಅದೇ ಗ್ರಂಥದಲ್ಲಿ ಇಂಡೋನೇಷ್ಯಾದ ಅಂಬಾನ್ ದ್ವೀಪದ ಸಿಂಹಮೀನು ‘ಗ್ಯಾಸ್ಟರೋಸ್ಟಿಯಸ್ ವೊಲಿಟಾನ್ಸ್’ ಎಂಬ ಹೆಸರಿನಲ್ಲಿದೆ. ಗ್ಯಾಸ್ಟರೋಸ್ಟಿಯಸ್ ಎಂದರೆ ಯುರೋಪಿನ ಹಳ್ಳಕೊಳ್ಳಗಳಲ್ಲಿ ಸಿಗುವ, ಬೆನ್ನ ಮೇಲೆ ಬಿಡಿ ಮುಳ್ಳುಗಳಿರುವ ಬೆರಳುದ್ದದ ಮೀನಿನ ಕುಲ. ಬೆನ್ನ ಮುಳ್ಳುಗಳ ಹೋಲಿಕೆ ಎಷ್ಟು ದೂರದ ಮೀನುಗಳನ್ನು ಒಂದೆಡೆ ಕೂರಿಸಿತು ನೋಡಿ. ಟೆರೊಯಿಸ್ ಎಂಬ ಕುಲವನ್ನು ಜರ್ಮನ್ ಪ್ರಕೃತಿವಿಜ್ಞಾನಿ ಓಕೆನ್ 1817ರಲ್ಲಿ ಸ್ಥಾಪಿಸಿದ ಮೇಲೆ ಅದಕ್ಕೆ ಸ್ವಂತ ಮನೆ ಸಿಕ್ಕಿತು.

ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಹಳೆಯದು ಉಳಿಯುತ್ತದೆ. ಕೆಂಪು ಸಮುದ್ರದ ಸಿಂಹಮೀನಿಗೆ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯೇ 1829ರಲ್ಲಿ ‘ಟೆರೊಯಿಸ್ ಮ್ಯೂರಿಕಾಟ’ ಎಂದು ಹೆಸರಿಟ್ಟಿದ್ದರು. ಅದೂ ಬೆನೆಟ್ಟರ ಮೀನೂ ಒಂದೇ ಎಂದಾದಾಗ ಒಂದು ವರ್ಷ ಮುಂಚಿನ ‘ಮಿಲೆಸ್’ ನಿಂತಿತು, ‘ಮ್ಯೂರಿಕಾಟ’ ಸಮಾನಾರ್ಥಕಗಳ ಪಟ್ಟಿಗೆ ಸರಿಯಿತು. ಹಳೆಯ ವರದಿಗಳನ್ನು ಓದುವಾಗ ಇಂಥ ಹೆಸರು ಎದುರಾದರೆ ಅದನ್ನು ಹಾಗೇ ನಕಲು ಮಾಡಬಾರದು. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ನಡೆಸುವ ಎಶ್‌ಮೇಯರ್ ಮೀನುಗಳ ಸೂಚಿಯಲ್ಲಿ ಹುಡುಕಿದರೆ ಮೂಲ ಹೆಸರು, ಮೂಲ ಸ್ಥಳ, ಮಾದರಿ ಇರುವ ಸಂಗ್ರಹಾಲಯ, ಈಗ ಒಪ್ಪಿತವಾದ ಹೆಸರು ಎಲ್ಲವೂ ಒಂದೇ ಕಡೆ ದೊರೆಯುತ್ತವೆ. ಫಿಶ್‌ಬೇಸ್ ಎಂಬ ಜಾಲತಾಣ ಚಿತ್ರ ಮತ್ತು ಹರಡುವಿಕೆಗೆ ಅನುಕೂಲ, ಆದರೆ ಹೆಸರಿನ ವಿಷಯದಲ್ಲಿ ಸಂದೇಹ ಬಂದಾಗ ನಾನು ಮೊದಲು ಸೂಚಿಯನ್ನೇ ನೋಡುತ್ತೇನೆ.

ಮೀನನ್ನು ಮುಂದಿಟ್ಟುಕೊಂಡು

ಪ್ರಭೇದ ತಿಳಿಯಲು ರೆಕ್ಕೆಗಳ ಮುಳ್ಳು, ಕಿರಣಗಳನ್ನು ಎಣಿಸಬೇಕು; ಆ ಎಣಿಕೆಗೆಂದು ಜೀವಂತ ಮೀನನ್ನು ಕೊಲ್ಲಬೇಕಾಗಿಲ್ಲ. ಬಂಡೆಯ ಪಕ್ಕ ಬಿಟ್ಟ ಬಲೆಗಳಿಗೆ ಸಿಂಹಮೀನು ಸಿಕ್ಕಿ ಸಾಯುವುದುಂಟು. ಮೀನುಗಾರರಿಗೆ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ. ಸತ್ತ ಮೀನಿನ ಮುಳ್ಳಿನಲ್ಲೂ ವಿಷವಿರುತ್ತದೆ. ಬೆನ್ನಿನ 13, ಸೊಂಟದ ಎರಡು ರೆಕ್ಕೆಗಳಿಗೆ ಒಂದೊಂದರಂತೆ 2, ಗುದದ ರೆಕ್ಕೆಯ 3, ಒಟ್ಟು 18 ಮುಳ್ಳುಗಳಿಂದ ಕೈಯನ್ನು ದೂರವಿಡಬೇಕು. ಚಿಮಟ ಮತ್ತು ದಪ್ಪ ಕೈಗವಸು ಇಲ್ಲದೆ ಮುಟ್ಟಲೇಬಾರದು. ಚುಚ್ಚಿಕೊಂಡರೆ ಸುಡದಷ್ಟು ಬಿಸಿಯ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಆ ಭಾಗವನ್ನು ಅದ್ದಿಟ್ಟು ವೈದ್ಯರ ಬಳಿಗೆ ಹೋಗಬೇಕು.

ಬಣ್ಣ ಬೇಗ ಮಾಸುವುದರಿಂದ ಮೊದಲು ಚಿತ್ರ ತೆಗೆಯಿರಿ. ಮೀನಿನ ತಲೆ ಎಡಕ್ಕೆ ಬರುವಂತೆ ಮಲಗಿಸಿ, ಎಡ ಮಗ್ಗುಲನ್ನು ತೋರಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಡುವುದು ಪದ್ಧತಿ. ರೆಕ್ಕೆಗಳನ್ನು ಗುಂಡುಸೂಜಿಯಿಂದ ಬಿಚ್ಚಿ ನಿಲ್ಲಿಸಿ, ಅವುಗಳ ಬುಡಕ್ಕೆ ಕುಂಚದಿಂದ ಫಾರ್ಮಲಿನ್ (ಮಾದರಿ ಕೊಳೆಯದಂತೆ ಕಾಪಾಡುವ ದ್ರಾವಣ) ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಹಾಗೇ ಸೆಟೆದು ನಿಲ್ಲುತ್ತವೆ. ಡಿಎನ್‌ಎ ಪರೀಕ್ಷೆಯ ಯೋಚನೆಯಿದ್ದರೆ ಇದಕ್ಕೂ ಮುಂಚೆ ಬಲ ಮಗ್ಗುಲಿನಿಂದ ಚೂರು ಮಾಂಸವನ್ನೋ ರೆಕ್ಕೆಯ ತುಣುಕನ್ನೋ ತೆಗೆದು 95 ಶೇಕಡಾ ಆಲ್ಕೋಹಾಲಿನಲ್ಲಿ ಇಡಬೇಕು. ಫಾರ್ಮಲಿನ್ ತಾಗಿದ ಮೇಲೆ ಡಿಎನ್‌ಎ ಕೆಡುತ್ತದೆ. ಉದ್ದವನ್ನು ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದ ಮೂಳೆಯ ಕೊನೆಯವರೆಗೆ ಅಳೆಯಬೇಕು. ಬಾಲದ ರೆಕ್ಕೆ ಹರಿದು ಮುರಿಯುವಂಥದ್ದಾದ್ದರಿಂದ ಅದನ್ನು ಸೇರಿಸಿದ ಅಳತೆಯನ್ನು ಹೋಲಿಕೆಗೆ ನಂಬುವಂತಿಲ್ಲ.

ಈಗ ಮೀನು ಯಾವ ಕುಟುಂಬದ್ದೆಂದು ಖಚಿತಪಡಿಸಿಕೊಳ್ಳಿ. ಕಣ್ಣಿನ ಕೆಳಗಿನಿಂದ ಕಿವಿರುಮುಚ್ಚಳದ ಮುಂದಿನ ಮೂಳೆಯವರೆಗೆ ಕೆನ್ನೆಯ ಮೇಲೆ ಒಂದು ಮೂಳೆಯ ಏಣು ಅಡ್ಡ ಹಾಯ್ದಿರುವುದು ಚಿಮಟದ ತುದಿಗೆ ಸಿಗುತ್ತದೆ. ಚೇಳುಮೀನುಗಳ ದೊಡ್ಡ ಬಳಗಕ್ಕೆಲ್ಲ ಇದು ಗುರುತು. ಅದರೊಂದಿಗೆ ಉದ್ದವಾಗಿ ಬಿಚ್ಚಿಕೊಂಡ ಎದೆಯ ರೆಕ್ಕೆ, ಪೊರೆಯಿಂದ ಬಹುಪಾಲು ಬಿಡಿಸಿಕೊಂಡ ನೀಳ ಬೆನ್ನುಮುಳ್ಳುಗಳು ಸೇರಿದರೆ ಅದು ಟೆರೊಯಿಸ್ ಮತ್ತು ಅದರ ಹತ್ತಿರದ ಕುಲಗಳ ಗುಂಪು.

ಕುಲದೊಳಗೆ ಮೊದಲು ನೋಡಬೇಕಾದದ್ದು ಬೆನ್ನಿನ ರೆಕ್ಕೆಯ ಹಿಂಭಾಗ, ಗುದದ ರೆಕ್ಕೆ ಮತ್ತು ಬಾಲ. ಇವು ಚುಕ್ಕೆಗಳಿಲ್ಲದೆ ಬೋಳಾಗಿದ್ದರೆ ಅದು ರಸೆಲಿಐ ಇರಬಹುದು. ಕೆಸರು ತಳದಲ್ಲಿ ಎಳೆಯುವ ಟ್ರಾಲ್ ಬಲೆಗಳಿಗೂ ಸಿಗುವ ಮೀನದು. ಬಾಲದ ಬುಡದಲ್ಲಿ ಉದ್ದಕ್ಕೆ ಎರಡು ಬಿಳಿ ಗೆರೆಗಳಿದ್ದರೆ ರೇಡಿಯಾಟ. ರೆಕ್ಕೆಗಳಲ್ಲಿ ಸಾಲುಸಾಲು ಕಪ್ಪು ಚುಕ್ಕೆಗಳಿದ್ದು, ಮೈಪಟ್ಟೆಗಳು ನಾನು ಆರಂಭದಲ್ಲಿ ಹೇಳಿದಂತಿದ್ದರೆ ಮಿಲೆಸ್ ಅಥವಾ ವೊಲಿಟಾನ್ಸ್. ಇಲ್ಲಿಂದ ಮುಂದೆ ಬಣ್ಣ ಸಹಾಯ ಮಾಡುವುದಿಲ್ಲ, ಎಣಿಸಲೇಬೇಕು.

ಮೀನುಶಾಸ್ತ್ರದಲ್ಲಿ ಮುಳ್ಳುಗಳ ಸಂಖ್ಯೆಯನ್ನು ರೋಮನ್ ಅಂಕಿಯಲ್ಲೂ, ಗಂಟುಗಂಟಾಗಿ ಮೆದುವಾಗಿರುವ ಕಿರಣಗಳ ಸಂಖ್ಯೆಯನ್ನು ಸಾಮಾನ್ಯ ಅಂಕಿಯಲ್ಲೂ ಬರೆಯುತ್ತಾರೆ. ಎರಡೂ ಪ್ರಭೇದಗಳಿಗೆ ಬೆನ್ನಿನಲ್ಲಿ ಹದಿಮೂರು ಮುಳ್ಳುಗಳಿವೆ. ಮೃದು ಕಿರಣಗಳು ಮಿಲೆಸ್‌ನಲ್ಲಿ ಸಾಮಾನ್ಯವಾಗಿ ಬೆನ್ನಿಗೆ 10, ಗುದದ ರೆಕ್ಕೆಗೆ 6. ವೊಲಿಟಾನ್ಸ್‌ನಲ್ಲಿ ಸಾಮಾನ್ಯವಾಗಿ 11 ಮತ್ತು 7. ವ್ಯತ್ಯಾಸವೆಲ್ಲ ಒಂದೊಂದೇ ಕಿರಣದ್ದು. ಭಟ್ಕಳ ಕಡೆಯ ಮೀನುಗಾರರೊಬ್ಬರು ಮಂಜುಗಡ್ಡೆಯಲ್ಲಿಟ್ಟು ಕೊಟ್ಟ ಮೀನನ್ನು ನಾನು ಮೊದಲ ಸಲ ಎಣಿಸಿದಾಗ ಬೆನ್ನಿನಲ್ಲಿ ಹನ್ನೊಂದು ಬಂತು. ವೊಲಿಟಾನ್ಸ್ ಎಂದು ಬರೆದೂ ಆಗಿತ್ತು. ಮತ್ತೆ ಮಸೂರದ ಕೆಳಗಿಟ್ಟು, ಕೊನೆಯ ಕಿರಣವನ್ನು ಸೂಜಿಯ ತುದಿಯಿಂದ ಮೆಲ್ಲಗೆ ಒಂದು ಕಡೆಗೆ ಸರಿಸಿ ನೋಡಿದಾಗ, ಎರಡೆಂದು ಕಂಡಿದ್ದ ಕಡ್ಡಿಗಳು ಬುಡದಲ್ಲಿ ಕೂಡಿಕೊಂಡು ಒಂದೇ ತಳದ ಮೇಲೆ ಕೂತಿದ್ದವು. ಒಂದೇ ಬುಡದಿಂದ ಕವಲೊಡೆದ ಕೊನೆಯ ಎರಡು ಕಿರಣಗಳನ್ನು ಒಂದೆಂದೇ ಎಣಿಸಬೇಕು ಎಂಬುದು ಮೀನುಶಾಸ್ತ್ರಜ್ಞರ ಸಮ್ಮತ ಪದ್ಧತಿ. ಅಲ್ಲಿಗೆ ಎಣಿಕೆ ಹತ್ತಾಯಿತು, ಗುದದ ರೆಕ್ಕೆಯಲ್ಲಿ ಆರು. ಮೀನು ಮಿಲೆಸ್. ಅಂದಿನಿಂದ ಪ್ರತಿ ಎಣಿಕೆಯನ್ನೂ ಮುಂದಿನಿಂದ ಹಿಂದಕ್ಕೊಮ್ಮೆ, ಹಿಂದಿನಿಂದ ಮುಂದಕ್ಕೊಮ್ಮೆ ಮಾಡಿ, ಎರಡೂ ಒಂದೇ ಬಂದರೆ ಮಾತ್ರ ಪುಸ್ತಕದಲ್ಲಿ ಬರೆಯುತ್ತೇನೆ.

‘ಸಾಮಾನ್ಯವಾಗಿ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಎರಡು ಪ್ರಭೇದಗಳ ಎಣಿಕೆಗಳು ಕೆಲವು ಮೀನುಗಳಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು 2018ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಎದ್ದಿದೆ: ವೊಲಿಟಾನ್ಸ್ ಎಂದು ನಾವು ಕರೆಯುವುದು ಹಿಂದೂ ಮಹಾಸಾಗರದ ಮಿಲೆಸ್ ವಂಶವೂ ಪೆಸಿಫಿಕ್ಕಿನ ಮತ್ತೊಂದು ವಂಶವೂ ಬೆರೆತು ಹುಟ್ಟಿದ ಮಿಶ್ರತಳಿಯಾಗಿರಬಹುದು ಎಂದು ಅದು ಸೂಚಿಸಿತು. ಇದು ಪುಸ್ತಕದೊಳಗಿನ ಚರ್ಚೆಯಷ್ಟೇ ಆಗಿ ಉಳಿದಿಲ್ಲ. 1985ರಲ್ಲಿ ಫ್ಲಾರಿಡಾದ ಕರಾವಳಿಯಲ್ಲಿ ಕಾಣಿಸಿಕೊಂಡ ಸಿಂಹಮೀನು ಮುಂದೆ ಕೆರಿಬಿಯನ್ ಸಮುದ್ರವನ್ನೆಲ್ಲ ಆವರಿಸಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ. ಸೂಯೆಜ್ ಕಾಲುವೆಯ ಮೂಲಕ ಮೆಡಿಟರೇನಿಯನ್ ಸೇರಿದ್ದು ಮಿಲೆಸ್. ಯಾವ ಸಮುದ್ರದ ಮೀನು ಎಲ್ಲಿಗೆ ಹೋಯಿತೆಂದು ತಿಳಿಯಲು ಹೆಸರು ಸರಿಯಾಗಿರಬೇಕು. ನಾಳೆ ಹೆಸರೇ ಬದಲಾದರೂ ನಮ್ಮ ದಾಖಲೆ ವ್ಯರ್ಥವಾಗದಿರಲು ಮೀನನ್ನೂ ಎಣಿಕೆಯನ್ನೂ ಉಳಿಸಿಡಬೇಕು.

ಬರೀ ಚಿತ್ರ ಇದ್ದಾಗ

ನೀರಿನೊಳಗಿನ ಚಿತ್ರದಲ್ಲಿ ಹಿಂದಿನ ರೆಕ್ಕೆಗಳು ಪೂರ್ತಿ ಬಿಚ್ಚಿಕೊಂಡಿರುವುದು ಅಪರೂಪ. ಕಿರಣ ಎಣಿಸಲಾಗದಿದ್ದರೆ ‘ಟೆರೊಯಿಸ್ ಎಸ್‌ಪಿ.’ ಎಂದು ಬರೆದು ನಿಲ್ಲಿಸಬೇಕು. ಕುಲ ಖಚಿತ, ಪ್ರಭೇದ ತಿಳಿಯದು ಎಂದು ಅದರ ಅರ್ಥ. ಸ್ಥಳ ಮತ್ತು ಚುಕ್ಕೆಗಳನ್ನು ನೋಡಿ ಮಿಲೆಸ್ ಇರಬೇಕೆಂದು ಅನ್ನಿಸಿದರೆ ಎರಡು ಪದಗಳ ನಡುವೆ ‘ಸಿಎಫ್.’ ಎಂದು ಸೇರಿಸಬಹುದು. ಹೋಲಿಸಿ ನೋಡಿ ಎಂಬುದು ಅದರ ಸೂಚನೆ. ಅರ್ಧ ಗೊತ್ತಿದ್ದಾಗ ಅರ್ಧವನ್ನೇ ಹೇಳುವ ಈ ಸಂಕೇತಗಳನ್ನು ನಮ್ಮಲ್ಲಿ ಬಳಸುವುದು ತೀರ ಕಡಿಮೆ. ಪೂರ್ತಿ ಹೆಸರಿದ್ದರೆ ಮಾತ್ರ ಬರೆದವರಿಗೆ ಗೌರವ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಮುಂದೆ ಆ ಪಟ್ಟಿಯನ್ನು ಬಳಸುವವರಿಗೆ ತಪ್ಪು ಪ್ರಭೇದಕ್ಕಿಂತ ಪ್ರಾಮಾಣಿಕವಾದ ‘ಎಸ್‌ಪಿ.’ ಬಹಳ ಉಪಯುಕ್ತ ಎಂದು ಅವರಿಗೆ ಖಂಡಿತ ಹೇಳಬೇಕು.

ವರ್ಗೀಕರಣದ ಮೆಟ್ಟಿಲುಗಳು

ಮೇಲಿನಿಂದ ಇಳಿಯುತ್ತ ಬಂದರೆ ಮಿಲೆಸ್ ಪ್ರಾಣಿ ಸಾಮ್ರಾಜ್ಯದ ಕಾರ್ಡೇಟ ವಂಶಕ್ಕೆ, ರೆಕ್ಕೆಗಳಲ್ಲಿ ಕಿರಣಗಳುಳ್ಳ ಮೀನುಗಳ ಆಕ್ಟಿನೊಪ್ಟೆರಿಜಿಯೈ ವರ್ಗಕ್ಕೆ, ಸ್ಕಾರ್ಪೀನಿಡೆ ಕುಟುಂಬಕ್ಕೆ, ಟೆರೊಯಿನೆ ಉಪಕುಟುಂಬಕ್ಕೆ, ಟೆರೊಯಿಸ್ ಕುಲಕ್ಕೆ ಸೇರುತ್ತದೆ. ಬಾಲದಲ್ಲಿ ‘ಇಡೆ’ ಇದ್ದರೆ ಕುಟುಂಬ, ‘ಇನೆ’ ಇದ್ದರೆ ಉಪಕುಟುಂಬ ಎಂಬುದು ಸಂಹಿತೆಯೇ ವಿಧಿಸಿದ ಪ್ರತ್ಯಯ.

ವರ್ಗ ಮತ್ತು ಕುಟುಂಬದ ನಡುವಿನ ಗಣವನ್ನು ನಾನು ಬಿಟ್ಟಿರುವುದನ್ನು ಓದುಗರು ಗಮನಿಸಿರಬಹುದು. ಹಳೆಯ ಪುಸ್ತಕಗಳಲ್ಲಿ ಇಲ್ಲಿ ಸ್ಕಾರ್ಪೀನಿಫಾರ್ಮಿಸ್ ಎಂಬ ಪ್ರತ್ಯೇಕ ಗಣವಿರುತ್ತದೆ. ಡಿಎನ್‌ಎ ಆಧರಿಸಿದ ಇತ್ತೀಚಿನ ಹಲವು ವರ್ಗೀಕರಣಗಳು ಅದನ್ನು ಪರ್ಸಿಫಾರ್ಮಿಸ್ ಗಣದೊಳಗಿನ ಉಪಗಣವಾಗಿ ಇಳಿಸಿವೆ. ಸ್ಕಾರ್ಪೀನಿಫಾರ್ಮಿಸ್ ಗಣವನ್ನು ಬೇರೆ ಎಲ್ಲೆಗಳೊಂದಿಗೆ ಉಳಿಸಿಕೊಂಡವರೂ ಇದ್ದಾರೆ. ಸಂಹಿತೆಯ ಆಡಳಿತ ಪ್ರಭೇದದಿಂದ ಕುಟುಂಬದ ಗುಂಪಿನವರೆಗೆ ಮಾತ್ರ, ಅದರ ಮೇಲೆ ಆದ್ಯತೆಯ ನಿಯಮ ನಡೆಯುವುದಿಲ್ಲ. ಆದ್ದರಿಂದ ಎರಡು ಆಕರಗಳಲ್ಲಿ ಗಣ ಬೇರೆ ಬೇರೆ ಇದ್ದರೆ ಒಂದು ತಪ್ಪೆಂದು ಭಾವಿಸದೆ, ಯಾರ ವರ್ಗೀಕರಣವನ್ನು ಅನುಸರಿಸಿದ್ದೇವೆಂದು ಪಟ್ಟಿಯ ಮೊದಲಲ್ಲೇ ಬರೆದು, ಕೊನೆಯವರೆಗೆ ಅದಕ್ಕೇ ಅಂಟಿಕೊಳ್ಳಬೇಕು.

ಯಾವ ಹೆಸರಿಗೂ ಹೊಂದದಿದ್ದರೆ

ಎಣಿಕೆ, ಅಳತೆ, ಬಣ್ಣ ಯಾವುದೂ ಗೊತ್ತಿರುವ ಪ್ರಭೇದಕ್ಕೆ ಕೂಡದಿದ್ದಾಗ ಹೊಸದಿರಬಹುದೆಂಬ ಆಸೆ ಸಹಜ. ಅವಸರ ಬೇಡ. ಮಾಲ್ಡೀವ್ಸ್‌ನಲ್ಲಿ, ಮುಖ್ಯವಾಗಿ 40ರಿಂದ 70 ಮೀಟರ್ ಆಳದಲ್ಲಿ ವಾಸಿಸುವ ಗುಲಾಬಿ ಬಣ್ಣದ ಮೀನೊಂದನ್ನು ಬಹುಕಾಲ ‘ಸಿರಿಲಾಬ್ರಸ್ ರುಬ್ರಿಸ್ಕ್ವಾಮಿಸ್’ ಎಂದೇ ತಿಳಿಯಲಾಗಿತ್ತು. ಆ ಹೆಸರಿನ ಮೂಲ ವಿವರಣೆ 1983ರದು, ಚಾಗೋಸ್ ದ್ವೀಪಸ್ತೋಮದ ಒಂದೇ ಒಂದು ಎಳೆಯ ಮೀನನ್ನು ಆಧರಿಸಿದ್ದು. ಬೆಳೆದ ಮೀನುಗಳ ಹುರುಪೆ, ಮುಳ್ಳಿನ ಉದ್ದ, ಬಣ್ಣ, ಡಿಎನ್‌ಎ ಎಲ್ಲವನ್ನೂ ಹೋಲಿಸಿದ ಮೇಲೆ ಮಾಲ್ಡೀವ್ಸ್‌ನ ಅಹ್ಮದ್ ನಜೀಬ್ ಅವರನ್ನೊಳಗೊಂಡ, ಯಿ-ಕೈ ಟೀ ನೇತೃತ್ವದ ತಂಡದವರು 2022ರಲ್ಲಿ ಅದಕ್ಕೆ ‘ಸಿರಿಲಾಬ್ರಸ್ ಫಿನಿಫೆನ್ಮಾ’ ಎಂದು ಹೆಸರಿಟ್ಟರು. ಧಿವೇಹಿ ಭಾಷೆಯಲ್ಲಿ ಫಿನಿಫೆನ್ಮಾ ಎಂದರೆ ಗುಲಾಬಿ, ಅದು ಆ ದೇಶದ ರಾಷ್ಟ್ರಪುಷ್ಪ. ಲ್ಯಾಟಿನ್ ಅಲ್ಲದ ನುಡಿಯ ಪದಕ್ಕೂ ಸಂಹಿತೆಯಲ್ಲಿ ಜಾಗವಿದೆ ಎಂಬುದು ಇಲ್ಲಿ ಸ್ಪಷ್ಟ. ನಮ್ಮ ಕರಾವಳಿಯ ಮೀನೊಂದಕ್ಕೆ ಅಲ್ಲಿನವರ ಮಾತಿನಿಂದಲೇ ಹೆಸರಿಡಲು ಯಾವ ಅಡ್ಡಿಯೂ ಇಲ್ಲ.

ಹೊಸ ಹೆಸರು ಊರ್ಜಿತವಾಗಲು ಹತ್ತಿರದ ಪ್ರಭೇದಗಳಿಂದ ಅದು ಹೇಗೆ ಬೇರೆ ಎಂಬುದನ್ನು ಮಾತಿನಲ್ಲಿ ವಿವರಿಸಬೇಕು, ಹೊಸ ಪ್ರಭೇದವೆಂದು ಬಾಯಿಬಿಟ್ಟು ಹೇಳಬೇಕು, ಒಂದು ಮೀನನ್ನು ಆ ಹೆಸರಿನ ಮೂಲಮಾದರಿಯೆಂದು ಆರಿಸಿ ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ತಿಳಿಸಬೇಕು. ವಿದ್ಯುನ್ಮಾನ ರೂಪದಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಕಟಣೆಯನ್ನು ಪ್ರಾಣಿನಾಮಗಳ ಅಧಿಕೃತ ನೋಂದಣಿ ತಾಣವಾದ ಜೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಭಾರತದಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ವಿಷಯವನ್ನು ಇದಕ್ಕೆಂದೇ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿಗೆ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥ ಸಂಸ್ಥೆಗಳಲ್ಲೊಂದು. ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಮೀನಿಗಾಗಿ ಹವಳವನ್ನು ಮುರಿಯುವುದು ಅಪರಾಧ.

ಗುರುತಿಸಿದ ಮೀನನ್ನು ಸುಮಾರು ಒಂದು ವಾರ 10 ಶೇಕಡಾ ಫಾರ್ಮಲಿನ್‌ನಲ್ಲಿಟ್ಟು, ನೀರಿನಲ್ಲಿ ಚೆನ್ನಾಗಿ ತೊಳೆದು, 70 ಶೇಕಡಾ ಆಲ್ಕೋಹಾಲಿಗೆ ವರ್ಗಾಯಿಸಬೇಕು. ಫಾರ್ಮಲಿನ್ ಹಬೆ ಶ್ವಾಸಕ್ಕೆ ಕೆಟ್ಟದ್ದು, ಗಾಳಿಯಾಡುವಲ್ಲಿ ಮಾತ್ರ ಈ ಕೆಲಸ ಮಾಡಿ. ಚೀಟಿ ಜಾಡಿಯ ಹೊರಗಲ್ಲ, ಒಳಗೇ ಇರಬೇಕು. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುವುದರಿಂದ ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇನೆ: ಹೆಸರು, ಸಿಕ್ಕ ಜಾಗ, ಆಳ, ದಿನಾಂಕ, ಬಲೆಯ ಬಗೆ, ಹಿಡಿದವರು, ಎಣಿಸಿದವರು, ಎಣಿಕೆ. ಭಟ್ಕಳದ ಆ ಮೀನಿನ ಜಾಡಿಯಲ್ಲಿ ಎರಡು ಚೀಟಿಗಳಿವೆ. ಮೊದಲನೆಯದರಲ್ಲಿ ವೊಲಿಟಾನ್ಸ್ ಎಂದಿರುವುದನ್ನು ನಾನು ಹರಿದು ಹಾಕಲಿಲ್ಲ. ಅದರ ಜೊತೆಗೇ ‘ಮರು ಎಣಿಕೆ: ಬೆನ್ನು 10, ಗುದ 6, ಮಿಲೆಸ್’ ಎಂಬ ಎರಡನೆಯದನ್ನು ದಿನಾಂಕ ಹಾಕಿ ಇಳಿಬಿಟ್ಟಿದ್ದೇನೆ. ಮುಂದೆ ಆ ಮೀನನ್ನು ಹೊರತೆಗೆದು ನೋಡುವವರು ಮೂರನೆಯ ಚೀಟಿ ಬರೆಯಬೇಕಾಗಿ ಬಂದರೆ ಜಾಡಿಯಲ್ಲಿ ಜಾಗವಿದೆ.